ಹಡಗಿನ ಪಕ್ಷದ ಶಮಾ

ಸುವರ್ಣ ಮಹೋತ್ಸವದ ಆಮಂತ್ರಣ ಪತ್ರಿಕೆ ಕೈಗೆ ಬಂದಾಗ ಶಮಾ ಮೊದಲು ಹುಡುಕಿದ್ದು ಊಟದ ಹೊತ್ತನ್ನು. ಮಾಸ್ತರಿಕೆ ಮಾಡುವವರಿಗೆಲ್ಲ ಈ ಚಟ ಇರುತ್ತದೆ, ಅವಳೊಬ್ಬಳನ್ನೇ ಯಾಕೆ ಅನ್ನಬೇಕು? ಬಬಲೇಶ್ವರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಲು ಶುರುಮಾಡಿದ ಮೇಲೆ ಇಂಥ ಪತ್ರಿಕೆಗಳನ್ನು ಅವಳು ಎಷ್ಟೋ ನೋಡಿದ್ದಳು. ಸ್ವಾಗತ, ಪ್ರಾಸ್ತಾವಿಕ ನುಡಿ, ಹಾರ, ಶಾಲು, ಮತ್ತೆ ಹಾರ. ಗೋಧಿ ಹುಗ್ಗಿಯ ಪಾಳಿ ಬರುವಷ್ಟರಲ್ಲಿ ಮಧ್ಯಾಹ್ನ ಮೂರು.

ಆದರೆ ಇದು ಅವಳೇ ಕಲಿತ ಟಿಕೋಟಾದ ಶಾಲೆ. ಅದಕ್ಕೇ ಇನ್ನೊಮ್ಮೆ ಓದಿದಳು. ಹನ್ನೊಂದು ಗಂಟೆಗೆ ಹಳೆಯ ವಿದ್ಯಾರ್ಥಿಗಳಿಂದ ಚರ್ಚಾಕೂಟ. ವಿಷಯ: ದೇಶಕ್ಕೆ ಯಾವುದು ಮೇಲು, ಯುದ್ಧನೌಕೆಯೋ ಯುದ್ಧವಿಮಾನವೋ? ಹಡಗಿನ ಪಕ್ಷ, ಕುಮಾರಿ ಶಮಾ ನದಾಫ. ವಿಮಾನದ ಪಕ್ಷ, ಶ್ರೀ ಯುನುಸ ಇನಾಮದಾರ. ನಿರ್ಣಾಯಕರು, ನಿವೃತ್ತ ಶಿಕ್ಷಕ ಶ್ರೀ ಈರಯ್ಯನವರು.

ಮೂವತ್ತೆರಡು ವರ್ಷದ ಹೆಂಗಸಿನ ಹೆಸರಿನ ಹಿಂದೆ 'ಕುಮಾರಿ' ಎಂದು ಅಚ್ಚಾದರೆ ಏನನ್ನಿಸುತ್ತದೆ ಎಂದು ಅಚ್ಚು ಹಾಕುವವರಿಗೆ ಗೊತ್ತಿರುವುದಿಲ್ಲ. ಆದರೆ ಶಮಾಳ ಕಣ್ಣು ಅಲ್ಲಿ ನಿಲ್ಲಲಿಲ್ಲ. ಕೆಳಗಿನ ಸಾಲಿಗೆ ಹೋಗಿ ಅಲ್ಲೇ ಉಳಿಯಿತು. ಹತ್ತು ವರ್ಷ ಬಾಯಿಗೆ ತಾರದೆ ಇಟ್ಟುಕೊಂಡ ಹೆಸರು, ಈಗ ನೋಡಿದರೆ ಕೆಂಪು ಅಕ್ಷರದಲ್ಲಿ, ಊರಿಗೆಲ್ಲ ಹಂಚುವ ಕಾಗದದ ಮೇಲೆ.

ಕೂಡಲೇ ಈರಯ್ಯ ಮಾಸ್ತರರಿಗೆ ಫೋನ್ ಹಚ್ಚಿದಳು. ತನ್ನನ್ನು ಕೇಳದೆ ಹೆಸರು ಹಾಕಿದ್ದು ಸರಿಯಲ್ಲ, ರವಿವಾರ ತನಗೆ ಬೇರೆ ಕೆಲಸವಿದೆ, ಮೇಲಾಗಿ ಈ ವಿಷಯವೆಲ್ಲ ಮರೆತು ಹೋಗಿದೆ ಎಂದು ಮೂರು ನೆಪ ಒಂದೇ ಉಸಿರಿನಲ್ಲಿ ಹೇಳಿದಳು. ಮಾಸ್ತರರು ಪೂರ್ತಿ ಕೇಳಿಸಿಕೊಂಡರು. ಎಂಬತ್ತಕ್ಕೆ ಬಂದಿದ್ದರೂ ಅವರ ದನಿ ಇನ್ನೂ ಹಿಂದಿನ ಬೆಂಚಿಗೆ ಮುಟ್ಟುವಂಥದೇ.

"ಆವತ್ತಿನ ತೀರ್ಪು ನನಗಿನ್ನೂ ಅರಗಿಲ್ಲವಾ," ಅಂದರು. "ಒಂದ ಒಂದು ಮಾರ್ಕು. ಅದು ಖರೇನೋ ತಪ್ಪೋ ಅಂತ ಹದಿನಾರು ವರ್ಷ ಆತು, ಹೊಳ್ಳಿ ಹೊಳ್ಳಿ ನೋಡಾಕತ್ತೇನಿ. ನಾ ಕಣ್ಣು ಮುಚ್ಚೂದ್ರೊಳಗ ಇನ್ನೊಮ್ಮಿ ಕೇಳಬೇಕು."

ಅವಳು ಮತ್ತೆ ರವಿವಾರದ ಕೆಲಸದ ಮಾತೆತ್ತಿದಾಗ ಮುದುಕ ಕೊನೆಯ ಬಾಣ ಬಿಟ್ಟರು. "ನೀ ಒಲ್ಲೆ ಅಂದ್ರ ಅಂವ ಒಬ್ಬನ ಮಾತಾಡ್ತಾನ. ಎದುರಿಗೆ ಯಾರೂ ಇಲ್ಲದ ಗೆಲ್ತಾನ."

"ಬರ್ತೀನ್ರಿ ಸರ್," ಅಂದಳು ಶಮಾ.

ರವಿವಾರ ಬೇರೆ ಕೆಲಸವಿದೆ ಎಂದದ್ದು ಮಾತ್ರ ಸುಳ್ಳಲ್ಲ. ಆ ದಿನ ಅವಳು ಮದುವೆಗೆ ಹೂಂ ಅನ್ನಬೇಕಿತ್ತು, ಇಲ್ಲವೇ ಉಹೂಂ ಅನ್ನಬೇಕಿತ್ತು.

ಅವಳ ಅಬ್ಬಾ ಗೈಬುಸಾಬ ಟಿಕೋಟಾದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟವನು. ಸುತ್ತಲಿನ ತೋಟಗಳಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡುಗಳಿವೆಯಲ್ಲ, ಅವುಗಳ ಕಬ್ಬಿಣದ ಕಂಬ, ಅಡ್ಡಪಟ್ಟಿ ಬಹುಪಾಲು ಅವನ ಕೈಯವೇ. ತಾಯಿಯಿಲ್ಲದ ಮಗಳನ್ನು ಒಬ್ಬನೇ ಬೆಳೆಸಿದವನು. ವರ್ಷಕ್ಕೆ ಒಂದೋ ಎರಡೋ ಸಂಬಂಧ ತರುತ್ತಿದ್ದ. ಶಮಾ ಒಂದೊಂದಕ್ಕೂ ಒಂದೊಂದು ದೋಷ ಹುಡುಕುತ್ತಿದ್ದಳು. ಒಬ್ಬ ಮಾತಿಗೊಮ್ಮೆ ಗಡಿಯಾರ ನೋಡುತ್ತಾನೆ, ಇನ್ನೊಬ್ಬನ ನಗು ಗೋಡೆಗೆ ಬಡಿಯುತ್ತದೆ. ಆದರೆ ಈ ಸಲ ಬಂದ ಸೈಫುದ್ದೀನ ಅವಳನ್ನು ಪೇಚಿಗೆ ಸಿಕ್ಕಿಸಿದ್ದ. ವಿಜಯಪುರದ ಬ್ಯಾಂಕಿನಲ್ಲಿ ನೌಕರಿ, ಮೆತ್ತನೆಯ ಮಾತು, ಅವಳ ಕೆಲಸಕ್ಕೆ ಅಡ್ಡಿಯಿಲ್ಲ ಎಂದು ತಾನಾಗಿ ಹೇಳಿದವನು. ಹುಡುಕಿ ಹುಡುಕಿ ಸಾಕಾಗಿ, ಚಹಾ ಕುಡಿಯುವಾಗ ಸುರ್ ಅನ್ನುತ್ತಾನೆ ಎಂಬುದಷ್ಟೇ ಸಿಕ್ಕಿತು. ಸುರ್ ಅನ್ನದೆ ಚಹಾ ಕುಡಿಯುವ ಗಂಡಸು ಈ ಸೀಮೆಯಲ್ಲಿ ಎಲ್ಲಿದ್ದಾನೆ?

ಗೈಬುಸಾಬ ಮಗಳ ಎದುರು ಕೂತು ನಿಧಾನಕ್ಕೆ ಹೇಳಿದ್ದ. ಮನೆಯಲ್ಲಿ ಅವರ ಮಾತು ಉರ್ದು, ಅದರ ಕನ್ನಡ ಹೀಗಾಗುತ್ತದೆ: "ಈ ಸಲ 'ನನ್ನ ಮಾತೇನೂ ಇಲ್ಲ' ಅನ್ನಬ್ಯಾಡ ಬೇಟಾ. ಹೂಂ ಅನ್ನು, ಇಲ್ಲಾ ಉಹೂಂ ಅನ್ನು. ರವಿವಾರ ಸಂಜಿ ಮಗ್ರಿಬ್ ನಮಾಜು ಮುಗಿಸಿ ನಾ ಅವರಿಗೆ ಫೋನ್ ಮಾಡ್ತೀನಿ."

'ನನ್ನ ಮಾತೇನೂ ಇಲ್ಲ.' ಆ ಮಾತು ಅವಳು ಹಿಂದೊಮ್ಮೆ ಆಡಿದ್ದಳು. ಅದರ ಕತೆ ಹೇಳಬೇಕೆಂದರೆ ಹದಿನಾರು ವರ್ಷ ಹಿಂದಕ್ಕೆ ಹೋಗಬೇಕು.

ಆಗ ಇಬ್ಬರೂ ಹತ್ತನೇ ಇಯತ್ತೆ. ಯುನುಸ ಬಬಲೇಶ್ವರದವನು. ಟಿಕೋಟಾದಲ್ಲಿ ಖಾಲಾ, ಅಂದರೆ ಚಿಕ್ಕಮ್ಮ, ಮಕ್ತುಮಬಿಯ ಮನೆಯಲ್ಲಿದ್ದು ಓದುತ್ತಿದ್ದ. ಈರಯ್ಯ ಮಾಸ್ತರರು ಚರ್ಚಾಸ್ಪರ್ಧೆಗೆ ವಿಷಯ ಹುಡುಕುವುದರಲ್ಲಿ ಎತ್ತಿದ ಕೈ. ಆ ವರ್ಷ ಹಡಗು, ವಿಮಾನ ಎಂದು ಎರಡು ಚೀಟಿ ಬರೆದು ಮಡಚಿ ಮುಂದೆ ಹಿಡಿದರು. ಶಮಾಳಿಗೆ ಹಡಗು ಬಂತು, ಯುನುಸನಿಗೆ ವಿಮಾನ. ಅದುವರೆಗೆ ಇಬ್ಬರೂ ಕಂಡ ದೊಡ್ಡ ನೀರೆಂದರೆ ಭೂತನಾಳ ಕೆರೆ, ಕಂಡ ವಿಮಾನವೆಂದರೆ ಆಕಾಶದಲ್ಲಿ ಉಳಿದ ಬಿಳಿ ಗೆರೆ. ಆದರೂ ಇಬ್ಬರೂ ಹದಿನೈದು ದಿನ ಹಳೆಯ ಪೇಪರು ಕತ್ತರಿಸಿ ನೋಟುಬುಕ್ಕಿಗೆ ಅಂಟಿಸಿದರು.

ಶಮಾ ಚೆನ್ನಾಗಿಯೇ ಮಾತಾಡಿದಳು. ವಿಮಾನ ಹಾರಿದರೆ ಕೆಲವು ಗಂಟೆಗೆ ಇಳಿಯಲೇಬೇಕು, ಹಡಗು ತಿಂಗಳುಗಟ್ಟಲೆ ಕಡಲಲ್ಲಿ ಕಾವಲು ನಿಲ್ಲುತ್ತದೆ. ಮೂವತ್ತು ವರ್ಷ ಬಾಳುತ್ತದೆ. ಬೇಕಾದರೆ ಬೆನ್ನ ಮೇಲೆ ಹೆಲಿಕಾಪ್ಟರನ್ನೂ ಕೂಡಿಸಿಕೊಳ್ಳುತ್ತದೆ. ಅಷ್ಟು ಹೇಳಿ ಅವಳು ಗೆದ್ದೇ ಬಿಟ್ಟೆ ಎಂದುಕೊಂಡಳು.

ಯುನುಸ ಎದ್ದು ಬೋರ್ಡಿನ ಹತ್ತಿರ ಹೋಗಿ ಸೀಮೆಸುಣ್ಣ ಕೈಗೆತ್ತಿಕೊಂಡ. ದೊಡ್ಡ ಯುದ್ಧನೌಕೆಯೊಂದಕ್ಕೆ ಸಾವಿರಾರು ಕೋಟಿ ರೂಪಾಯಿ, ಅದೇ ದುಡ್ಡಿಗೆ ಹತ್ತಕ್ಕಿಂತ ಹೆಚ್ಚು ಯುದ್ಧವಿಮಾನ ಬರುತ್ತವೆ ಎಂದು ಬರೆದ. ಹಡಗು ಕಟ್ಟಲು ಏಳು ವರ್ಷ, ವಿಮಾನ ಜೋಡಿಸಿ ಹಾರಿಸಲು ಹೆಚ್ಚೆಂದರೆ ಎರಡು ವರ್ಷ ಎಂದು ಅದರ ಕೆಳಗೆ ಬರೆದ. ಆಮೇಲೆ ಅವಳ ಕಡೆ ತಿರುಗಿ, ಕಣ್ಣಲ್ಲೇ ನಗುತ್ತ, "ಇವರ ಹಡಗು ತಯಾರಾಗೂದ್ರೊಳಗ ಯುದ್ಧ ಮುಗದು, ರಾಜಿ ಆಗಿ, ಊಟಾನೂ ಮುಗದಿರ್ತೈತ್ರಿ," ಅಂದ. ಸಾಲಿಗೆ ಸಾಲೇ ನಕ್ಕಿತು. ಒಂದು ಮಾರ್ಕಿನಿಂದ ಹಿತ್ತಾಳೆಯ ಕಪ್ಪು ಅವನ ಪಾಲಾಯಿತು.

ಹೊರಗೆ ಪಡಸಾಲೆಯಲ್ಲಿ ಶಮಾ ಮುಖ ಊದಿಸಿಕೊಂಡು ನಿಂತಿದ್ದಳು. ಅವನು ಬಂದು ಜೇಬಿನಿಂದ ಒಂದು ಹಿಡಿ ಒಣದ್ರಾಕ್ಷಿ ತೆಗೆದು ಮುಂದೆ ಹಿಡಿದ. ಅವಳು ತೆಗೆದುಕೊಳ್ಳಲಿಲ್ಲ. ಅವನೂ ಕೈ ಹಿಂದಕ್ಕೆ ತೆಗೆಯಲಿಲ್ಲ. ಬೆವರಿಗೆ ದ್ರಾಕ್ಷಿ ಅಂಗೈಗೆ ಅಂಟುವಷ್ಟು ಹೊತ್ತು ನಿಂತ. ಕೊನೆಗೆ ಅವಳು ಒಂದೇ ಒಂದನ್ನು ಎತ್ತಿಕೊಂಡು ಬಾಯಿಗೆ ಹಾಕಿಕೊಂಡು, "ಹುಳಿ ಅದಾವ," ಅಂದಳು. ಸುಳ್ಳು. ಅಷ್ಟು ಸಿಹಿಯಾದದ್ದನ್ನು ಅವಳು ಅಲ್ಲಿಂದ ಇಲ್ಲಿಯವರೆಗೆ ತಿಂದಿಲ್ಲ.

ಆಮೇಲೆ ಮೂರು ವರ್ಷ ಬಸ್ಸು. ಅವಳು ವಿಜಯಪುರದಲ್ಲಿ ಕಾಲೇಜಿಗೆ, ಅವನು ಡಿಪ್ಲೊಮಾಕ್ಕೆ, ಇಬ್ಬರಿಗೂ ಬೆಳಗಿನ ಅದೇ ಟಿಕೋಟಾ ಗಾಡಿ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಹಿಡಿಯುವುದು ನಮ್ಮ ಕಡೆಯ ಕಾಯ್ದೆ, ಕಂಡಕ್ಟರನೂ ಅದನ್ನು ಮುರಿಯುವುದಿಲ್ಲ. ಯುನುಸ ಎರಡು ಕರವಸ್ತ್ರ ಇಟ್ಟುಕೊಂಡಿರುತ್ತಿದ್ದ. ಒಂದು ತನಗೆ, ಇನ್ನೊಂದು ಮುಂದಿನ ಸೀಟಿಗೆ. ಶಮಾ ಹತ್ತಿ ಬಂದು ದಿನವೂ ಕೇಳುವಳು, "ಈ ಕರವಸ್ತ್ರ ಯಾರದು?" ಅವನು ಕಿಟಕಿಯಿಂದಾಚೆ ನೋಡುತ್ತ ದಿನವೂ ಅದೇ ಉತ್ತರ ಕೊಡುವನು, "ಯಾರದೋ. ತಗದು ಕುಂದ್ರು."

ಇಟ್ಟಂಗಿಹಾಳ ಕ್ರಾಸ್ ಬರುವವರೆಗೆ ಮಾತಿಲ್ಲ. ಅಲ್ಲಿಂದ ಮುಂದೆ ಜಗಳ. ಮನೆಯಲ್ಲಿ ಉರ್ದು ಆಡುವವರೇ ಇಬ್ಬರೂ, ಆದರೆ ಜಗಳ ಕನ್ನಡದಲ್ಲಿ ಶುರುವಾಗಿತ್ತಲ್ಲ, ಅದಕ್ಕೇ ಅವರಿಬ್ಬರ ಮಾತು ಕೊನೆತನಕ ಕನ್ನಡದಲ್ಲೇ ಉಳಿಯಿತು. "ನಿನ್ನ ಹಡಗು ಎಲ್ಲಿಗೆ ಬಂತು?" ಎಂದು ಅವನು ಹಿಂದಿನ ಸೀಟಿನಿಂದ ಕೆಣಕುವನು. "ಬರ್ತೈತಿ. ಅವಸರದ ಮಂದಿ ವಿಮಾನ ಹತ್ತಿ ಹೋಗ್ರಿ," ಎಂದು ಅವಳು ತಿರುಗದೆ ಹೇಳುವಳು. ತಿರುಗದಿದ್ದರೇನು, ಚಾಲಕನ ಮೇಲಿನ ಕನ್ನಡಿಯಲ್ಲಿ ಅವನ ಮುಖದ ಒಂದು ತುಂಡು ಕಾಣುತ್ತಿತ್ತು. ಮೂರು ವರ್ಷ ಅವಳು ಆ ತುಂಡನ್ನು ಬಾಯಿಪಾಠ ಮಾಡಿದಳು. ಪ್ರೀತಿ ಎಂಬ ಮಾತು ಇಬ್ಬರ ಬಾಯಿಂದಲೂ ಬರಲಿಲ್ಲ.

ಡಿಪ್ಲೊಮಾ ಮುಗಿದದ್ದೇ ಯುನುಸನಿಗೆ ಗೋವಾ ಕಡೆಯ ಹಡಗು ಕಟ್ಟುವ ಯಾರ್ಡಿನಲ್ಲಿ ಕೆಲಸ ಸಿಕ್ಕಿತು. ಸುದ್ದಿ ಕೇಳಿ ಶಮಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ವಿಮಾನದ ಪಕ್ಷದವನು ಹಡಗಿಗೆ ಹೋದನಲ್ಲ! ನಗು ಮುಗಿದ ಮೇಲೂ ಕಣ್ಣೀರು ನಿಲ್ಲಲಿಲ್ಲ, ಅದು ಬೇರೆ ಮಾತು. "ಸೋತವರ ಮನಿ ಹೆಂಗೈತಿ ಅಂತ ನೋಡಬೇಕಲ್ಲ," ಎಂದು ಅವನು ಹೇಳಿ ಹೋದ. ಆಮೇಲೆ ಹಬ್ಬಕ್ಕೊಮ್ಮೆ ಬರುವನು. ಬಂದಾಗಲೆಲ್ಲ ಫೋನಿನಲ್ಲಿ ಒಂದು ಫೋಟೋ ತೋರಿಸುವನು, ನೆಲದ ಮೇಲೆ ಎಲುಬಿನ ಹಾಗೆ ನಿಂತ ಕಬ್ಬಿಣ. ಇದು ನಿನ್ನ ಹಡಗು ಅನ್ನುವನು. ಅವಳಿಗೆ ಅಷ್ಟು ಸಾಕಿತ್ತು.

ಹಾಗೆ ಚರ್ಚಾಸ್ಪರ್ಧೆಯ ದಿನದಿಂದ ಆರು ವರ್ಷ ಕಳೆದ ಮೇಲೆ, ಮಕ್ತುಮಬಿ ಖಾಲಾ ಒಂದು ದಿನ ಸಕ್ಕರೆ ಪೊಟ್ಟಣ ಹಿಡಿದು, ಮಗ್ಗುಲಲ್ಲಿ ಯುನುಸನನ್ನು ಕರೆದುಕೊಂಡು ಗೈಬುಸಾಬನ ಮನೆಗೆ ಬಂದಳು. ಮಾತು ಕೂಡಿದರೆ ಸಕ್ಕರೆ ಒಡೆಯುವುದು, ಕೂಡದಿದ್ದರೆ ಪೊಟ್ಟಣ ಹಾಗೇ ವಾಪಸ್ಸು. ಶಮಾ ಒಳಮನೆಯ ಪರದೆಯ ಹಿಂದೆ ನಿಂತಿದ್ದಳು.

ಗೈಬುಸಾಬ ಸಂಬಳ ಕೇಳಲಿಲ್ಲ, ಹೊಲ ಮನೆ ಕೇಳಲಿಲ್ಲ. ಒಂದೇ ಪ್ರಶ್ನೆ ಕೇಳಿದ, ನಿಮ್ಮಿಬ್ಬರದು ಎಷ್ಟು ದಿನದ ಪರಿಚಯ?

ಯುನುಸ ಪರದೆಯ ಕಡೆ ಒಮ್ಮೆ ನೋಡಿದ. ಆಮೇಲೆ ಹೇಳಿದ, "ಮೂರು ತಿಂಗಳು."

ಪರದೆಯ ಹಿಂದೆ ಶಮಾ ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ಮೂರು ತಿಂಗಳೇ? ಹಾಗಾದರೆ ಆ ಒಣದ್ರಾಕ್ಷಿ? ಆ ಕರವಸ್ತ್ರ? ಮೂರು ತಿಂಗಳ ಹಿಂದೆ ಏನಾಗಿತ್ತು? ಹಬ್ಬಕ್ಕೆ ಬಂದವನು ಮೊದಲ ಸಲ ಮದುವೆಯ ಮಾತೆತ್ತಿದ್ದ, ಅಷ್ಟೇ. ಇವನು ಅಲ್ಲಿಂದ ಎಣಿಸುತ್ತಾನೆ. ಅದರ ಹಿಂದಿನದೆಲ್ಲ ಇವನಿಗೆ ಬರೀ ಬಸ್ಸಿನ ಹೊತ್ತು ಕಳೆಯುವ ಆಟ.

ಗೈಬುಸಾಬನೂ ತಲೆ ಅಲ್ಲಾಡಿಸಿದ. "ಮೂರು ತಿಂಗಳಂದ್ರ ಬರೇ ಟ್ಯಾಕ್ ಹೊಡದಂಗಪಾ, ಎರಡು ಬೊಟ್ಟು. ಪೂರಾ ವೆಲ್ಡಿಂಗ್ ಆಗಿಲ್ಲ. ಜೋರು ಗಾಳಿ ಬಂದ್ರ ಬಿಚ್ಚತೈತಿ," ಅಂದ. ಆದರೂ ನ್ಯಾಯಸ್ಥ, ಒಳಗೆ ಬಂದು ಮಗಳನ್ನು ಕೇಳಿದ, ನಿನ್ನ ಮಾತೇನು ಎಂದು.

ವೇದಿಕೆಯ ಮೇಲೆ ಊರನ್ನೇ ಎದುರಿಸುತ್ತಿದ್ದವಳು ಅವಳು. ಬೀದಿಯಲ್ಲಿ ಹುಲಿ, ಮನೆಯಲ್ಲಿ ಇಲಿ ಅನ್ನುತ್ತಾರಲ್ಲ, ಹಾಗಾಯಿತು. ಸಿಟ್ಟು, ಸಂಕಟ, ಸೊಕ್ಕು ಮೂರೂ ಸೇರಿಕೊಂಡವು. "ನನ್ನ ಮಾತೇನೂ ಇಲ್ಲ ಅಬ್ಬಾ," ಅಂದುಬಿಟ್ಟಳು. ಸಕ್ಕರೆ ಪೊಟ್ಟಣ ಬಂದ ಹಾಗೇ ವಾಪಸ್ಸು ಹೋಯಿತು. ಯುನುಸ ಅದೇ ಸಂಜೆ ಗೋವಾ ಬಸ್ಸು ಹತ್ತಿದ. ಅವನು ಕಾರಣ ಹೇಳಲಿಲ್ಲ, ಅವಳು ಕೇಳಲಿಲ್ಲ.

ರವಿವಾರ ಬಂತು. ಶಮಾ ಬಾಟಲಿ ಹಸಿರಿನ ಸೀರೆ ಉಟ್ಟು, ಎರಡು ಸಲ ಬದಲಿಸಿ, ಮೂರನೇ ಸಲ ಮತ್ತೆ ಅದನ್ನೇ ಉಟ್ಟು, ಅಬ್ಬಾನ ಜೊತೆ ಶಾಲೆಗೆ ಬಂದಳು. ಗೈಬುಸಾಬ ಜಪಮಣಿ ಹಿಡಿದು ಮೂರನೇ ಸಾಲಿನಲ್ಲಿ ಕೂತ. ಸಂಜೆ ಯಾವ ಉತ್ತರ ಎಂದು ದಾರಿಯಲ್ಲಿ ಅವನು ಕೇಳಲಿಲ್ಲ. ಅವಳು ಮಾತ್ರ ಹೂಂ ಅನ್ನುವುದೆಂದು ನಿನ್ನೆಯೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಹಳೆಯ ಲೆಕ್ಕ ಇವತ್ತು ಈ ವೇದಿಕೆಯ ಮೇಲೆ ತೀರಿಸಿ, ಕೈ ತೊಳೆದುಕೊಂಡು, ಸುರ್ ಅನ್ನುವ ಚಹಾಕ್ಕೆ ಹೊಂದಿಕೊಳ್ಳುವುದು.

ವೇದಿಕೆಯ ಮೆಟ್ಟಿಲು ಹತ್ತಿದಳು. ಯುನುಸ ಆಗಲೇ ಬಂದು ಕೂತಿದ್ದ. ಕಿವಿಯ ಮೇಲೆ ನರೆ, ಕಣ್ಣಿಗೆ ಕನ್ನಡಕ, ಮುಂಗೈ ಮೇಲೆ ವೆಲ್ಡಿಂಗ್ ಕಿಡಿ ಬಿದ್ದ ಸಣ್ಣ ಸಣ್ಣ ಕಲೆ. ಕನ್ನಡಕದ ಹಿಂದಿನ ಕಣ್ಣು ಮಾತ್ರ ಅವೇ, ಬಸ್ಸಿನ ಕನ್ನಡಿಯಲ್ಲಿದ್ದವು. ಅವನ ಪಕ್ಕದ ಕುರ್ಚಿಯ ಮೇಲೆ ಮಡಚಿದ ಬಿಳಿ ಕರವಸ್ತ್ರವೊಂದಿತ್ತು.

ಶಮಾ ನಿಂತಳು. ಸುಮ್ಮನೆ ಬೇರೆ ಕುರ್ಚಿಗೆ ಹೋಗಬೇಕಿತ್ತು. ಆದರೆ ನಾಲಿಗೆ ಮನಸ್ಸಿನ ಮಾತು ಎಲ್ಲಿ ಕೇಳುತ್ತದೆ?

"ಈ ಕರವಸ್ತ್ರ ಯಾರದು?"

"ಯಾರದೋ," ಅಂದ ಅವನು, ಕಿಟಕಿಯ ಕಡೆ ನೋಡುತ್ತ. "ತಗದು ಕುಂದ್ರು."

ಕೂತಳು. ಕರವಸ್ತ್ರ ಕೈಯಲ್ಲೇ ಉಳಿಯಿತು. ಸ್ವಾಗತಗೀತೆ ಮುಗಿಯುವವರೆಗೆ ಇಬ್ಬರೂ ಎದುರಿಗೇ ನೋಡಿದರು. ಹಾರದ ಗದ್ದಲದಲ್ಲಿ ಅವಳು ಮೆಲ್ಲಗೆ ಕೇಳಿದಳು, ಕೂದಲು ಯಾಕೆ ಇಷ್ಟು ಬೆಳ್ಳಗಾಗಿವೆ ಎಂದು. "ಹಡಗಿನ ಕೆಲಸ. ಲಗೂ ಮುಗಿಯಾಂಗಿಲ್ಲ," ಅಂದ. ಒಂದೇ ಹಡಗಿಗೆ ಎಂಟು ವರ್ಷ ಹಿಡಿಯಿತಂತೆ. ಹೋದ ತಿಂಗಳು ನೌಕಾಪಡೆಗೆ ಒಪ್ಪಿಸಿದರಂತೆ. ಮದುವೆಗೆ ಪುರಸೊತ್ತೇ ಸಿಗಲಿಲ್ಲವಂತೆ. ನಾಳೆ ಬೆಳಿಗ್ಗೆ ಮತ್ತೆ ಹೊರಡುತ್ತಾನಂತೆ.

ನಾಳೆ ಎಂದು ಕೇಳಿ ಅವಳು ಕೈಯಲ್ಲಿದ್ದ ಕರವಸ್ತ್ರವನ್ನು ಇನ್ನೊಂದು ಮಡಿಕೆ ಮಡಚಿದಳು. ಹೆಸರು ಕರೆದದ್ದೇ ಮೈಕಿನ ಮುಂದೆ ಹೋದಳು.

ಹದಿನಾರು ವರ್ಷದ ಹಿಂದೆ ಹೇಳದೆ ಉಳಿದದ್ದನ್ನೆಲ್ಲ ಅವಳು ಆವತ್ತು ಹೇಳಿದಳು. ಮೊದಲು ಸಭೆಯನ್ನು ನಗಿಸಿದಳು, ವಿಮಾನದ ಪಕ್ಷದವರು ಹದಿಮೂರು ವರ್ಷದಿಂದ ಹಡಗಿನ ಅನ್ನವನ್ನೇ ಉಣ್ಣುತ್ತಿದ್ದಾರೆ ಎಂದು. ಆಮೇಲೆ ಬೋರ್ಡಿನ ಹತ್ತಿರ ಹೋಗಿ ಅವನ ಹಳೆಯ ಲೆಕ್ಕವನ್ನು ಅವನ ಹಾಗೆಯೇ ಬರೆದಳು. ಹಡಗಿಗೆ ಏಳು ವರ್ಷ, ವಿಮಾನಕ್ಕೆ ಎರಡು. ಬರೆದು ತಿರುಗಿದಳು.

"ಈ ಎಣಿಕೆ ಎಲ್ಲಿಂದ ಶುರು?" ಎಂದು ಕೇಳಿದಳು. "ಹಡಗನ್ನು ಇವರು ಮೊದಲನೇ ಉಕ್ಕಿನ ಹಾಳೆ ಕತ್ತರಿಸಿದ ದಿನದಿಂದ ಎಣಿಸಿದರು. ವಿಮಾನವನ್ನು ಕೊನೆಯ ಜೋಡಣೆಯಿಂದ ಎಣಿಸಿದರು. ಅದರ ನಕ್ಷೆ ಬರೆದ ವರ್ಷಗಳು ಎಲ್ಲಿ ಹೋದವು? ರೆಕ್ಕೆ ಪರೀಕ್ಷೆ ಮಾಡಿದ ವರ್ಷಗಳು? ಹೊಸ ವಿಮಾನವೊಂದು ಕಾಗದದಿಂದ ಆಕಾಶಕ್ಕೆ ಹೋಗಲು ಇಪ್ಪತ್ತು ವರ್ಷ ಹಿಡಿದದ್ದೂ ಇದೆ, ಅದರ ಖರ್ಚೂ ಈ ಲೆಕ್ಕದಲ್ಲಿ ಇಲ್ಲ. ಒಂದನ್ನು ಬುಡದಿಂದ, ಇನ್ನೊಂದನ್ನು ತುದಿಯಿಂದ ಎಣಿಸಿದರೆ ಯಾರು ಬೇಕಾದರೂ ಗೆಲ್ಲುತ್ತಾರೆ."

ಚಪ್ಪಾಳೆ ಬಿತ್ತು. ಈರಯ್ಯ ಮಾಸ್ತರರು ಕೋಲಿನಿಂದ ನೆಲ ಕುಟ್ಟಿದರು. ಶಮಾ ಬಂದು ಕೂತಳು. ಗೆದ್ದ ಖುಷಿ ಎದೆಯಲ್ಲಿ ಉಕ್ಕಬೇಕಿತ್ತು. ಪಕ್ಕದವನ ಮುಖ ನೋಡಿದರೆ ಅವನು ಸೋತವನ ಹಾಗೆ ಇರಲಿಲ್ಲ, ಬಹಳ ದಿನದ ಹೊರೆ ಇಳಿಸಿದವನ ಹಾಗೆ ಇದ್ದ.

ಯುನುಸ ಮೈಕಿನ ಮುಂದೆ ನಿಂತು ಕನ್ನಡಕ ತೆಗೆದು ಒರೆಸಿಕೊಂಡ. ಮಾತು ನಮ್ಮ ಊರಿನದೇ ಬಂತು.

"ಅವರು ಹೇಳಿದ್ದು ಖರೇ ಐತ್ರಿ. ಆವತ್ತೂ ನನಗ ಗೊತ್ತಿತ್ತು. ನಕ್ಷೆಯ ವರ್ಷಗಳನ್ನ ಬರಕೊಂಡಿದ್ದ ಚೀಟಿ ನನ್ನ ಜೇಬಿನ್ಯಾಗ ಇತ್ತು, ತಗೀಲಿಲ್ಲ. ಆ ಕಪ್ಪು ನಂದಲ್ಲ." ಅವನು ಮೂರನೇ ಸಾಲಿನ ಕಡೆ ನೋಡಿ ಹೇಳಿದ, "ಹಿಂಗ ತುದಿಯಿಂದ ಎಣಿಸೂ ತಪ್ಪು ಆಮ್ಯಾಲೂ ಒಮ್ಮಿ ಮಾಡೀನ್ರಿ, ಒಬ್ಬ ಹಿರಿಯರ ಮುಂದ. ಕಪ್ಪು ಗೆಲ್ಲಾಕ ಅಲ್ಲ. ಆದ್ರ ತಪ್ಪು ಲೆಕ್ಕ ತಪ್ಪೇ. ಅದನ್ನ ಹತ್ತು ವರ್ಷ ಉಂಡೀನಿ."

ಇಷ್ಟು ಹೇಳಿ ಕೈಮುಗಿದು ಇಳಿದುಬಿಟ್ಟ. ಸಭೆಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಮೂರನೇ ಸಾಲಿನಲ್ಲಿ ಗೈಬುಸಾಬನ ಬೆರಳು ಜಪಮಣಿಯ ಮೇಲೆ ನಿಂತುಹೋಗಿತ್ತು.

ಶಮಾ ಹೇಗೆ ಹೊರಗೆ ಬಂದಳೋ ಅವಳಿಗೇ ಗೊತ್ತಿಲ್ಲ. ಅದೇ ಪಡಸಾಲೆ, ಅದೇ ಕಂಬ. ಯುನುಸ ಅಲ್ಲೇ ನಿಂತಿದ್ದ.

"ಮೂರು ತಿಂಗಳು ಯಾಕಂದಿ?" ಹತ್ತು ವರ್ಷ ಕೇಳದೆ ಇಟ್ಟುಕೊಂಡ ಪ್ರಶ್ನೆ.

"ಆರು ವರ್ಷ ಅಂದ್ರ ಲೆಕ್ಕ ಎಲ್ಲಿಗೆ ಹೋಗ್ತಿತ್ತು ಶಮಾ? ಸಾಲಿಗೆ ಹೋಗ್ತಿತ್ತು. ಹತ್ತನೇತ್ತೆ ಹುಡುಗಿ ಆವಾಗಿಂದನ ಹಿಂಗ ಅಂತ ಮಂದಿ ಅಂತಿದ್ರು, ನಿಮ್ಮ ಅಬ್ಬಾ ತಲಿ ತಗ್ಗಿಸ್ತಿದ್ರು. ನಿನ್ನ ಹೆಸರಿಗೆ ಒಂದು ಮಾತು ಬರಬಾರದು ಅಂತ ನಂದ ಎಣಿಕಿ ಸಣ್ಣದ ಮಾಡಿದೆ."

ಶಮಾ ಕಂಬಕ್ಕೆ ಒರಗಿದಳು. ಇಷ್ಟೇ. ಹತ್ತು ವರ್ಷದ ಸಿಟ್ಟಿನ ಬುಡ ಅಗೆದರೆ ಸಿಕ್ಕಿದ್ದು ಇಷ್ಟೇ. "ನನಗೊಂದು ಮಾತು ಹೇಳಬೇಕಿತ್ತು."

"ಹೇಳಾಕಂತ ನಿಂತಿದ್ದೆ. ಅಷ್ಟರಾಗ ಪರದೆ ಹಿಂದಿಂದ ನಿನ್ನ ಮಾತು ಕೇಳಸ್ತು. ನನ್ನ ಮಾತೇನೂ ಇಲ್ಲ ಅಂದಿ." ಅವನು ನಗಲು ನೋಡಿದ, ಆಗಲಿಲ್ಲ. "ಅದಕ್ಕ ಎದುರು ಮಾತು ನನ್ನ ಕಡೆ ಇರಲಿಲ್ಲ."

ಅವಳು ಅತ್ತಳು. ಮಕ್ಕಳು ನೋಡುತ್ತಾರೆಂದು ಕರವಸ್ತ್ರದಿಂದ ಮುಖ ಮುಚ್ಚಿಕೊಂಡು ಅತ್ತಳು. ಅವನು ಮುಟ್ಟಲಿಲ್ಲ, ಸಮಾಧಾನದ ಮಾತೂ ಆಡಲಿಲ್ಲ. ಒಣದ್ರಾಕ್ಷಿ ಹಿಡಿದು ನಿಂತ ದಿನದ ಹಾಗೆ ಸುಮ್ಮನೆ, ಅವಳು ಮುಗಿಸುವವರೆಗೆ ಅಲ್ಲೇ ನಿಂತ.

ಚಪ್ಪಲಿಯ ಸದ್ದಾಯಿತು. ಗೈಬುಸಾಬ ಬಂದು ಎದುರಿಗೆ ನಿಂತಿದ್ದ. ಮಗಳ ಒದ್ದೆ ಕಣ್ಣು ನೋಡಿದ, ಯುನುಸನ ಕೈಯ ಕಲೆ ನೋಡಿದ. ಆ ಕಲೆಗಳ ಅರ್ಥ ಅವನಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ, ಅವನ ಕೈ ಮೇಲೂ ಅವೇ ಇದ್ದವು. ಆಮೇಲೆ ಹತ್ತು ವರ್ಷದ ಹಿಂದಿನ ಅದೇ ಪ್ರಶ್ನೆಯನ್ನು ಯುನುಸನಿಗೆ ಕೇಳಿದ, ಈ ಸಲ ಕನ್ನಡದಲ್ಲಿ.

"ನಿಮ್ಮಿಬ್ಬರದು ಎಷ್ಟು ದಿನದ ಪರಿಚಯಪಾ?"

ಯುನುಸ ಬಾಯಿ ತೆರೆದ. ಅವನಿಗಿಂತ ಮೊದಲು ಶಮಾ ಮುಂದೆ ಬಂದಳು. ಈ ಸಲ ಎದುರಿಗೆ ಪರದೆ ಇರಲಿಲ್ಲ.

"ಅವಗ ಎಣಿಸಾಕ ಬರಾಂಗಿಲ್ಲ ಅಬ್ಬಾ. ನಾ ಹೇಳ್ತೀನಿ. ಹದಿನಾರು ವರ್ಷ." ಉಸಿರು ತೆಗೆದುಕೊಂಡು ಮುಗಿಸಿದಳು. "ನಡುವ ಹತ್ತು ವರ್ಷ ಮಾತಾಡಿಲ್ಲ. ಅವನ್ನೂ ಹಿಡಕೊಂಡ ಹೇಳಾಕತ್ತೇನಿ. ಇದು ನನ್ನ ಮಾತು."

ಗೈಬುಸಾಬ ಜಪಮಣಿಯನ್ನು ಜೇಬಿಗೆ ಹಾಕಿದ. ಗಡ್ಡ ನೀವಿಕೊಂಡ. ಸಾಲಿ ಮಕ್ಕಳು ತಾಟು ಬಡಿಯುತ್ತ ಓಡಿಹೋದವು. ಆಮೇಲೆ ಅವನು ಜೇಬಿನಿಂದ ಫೋನ್ ತೆಗೆದ. ಮಗ್ರಿಬ್‌ಗೆ ಇನ್ನೂ ಐದು ತಾಸು ಇತ್ತು. ಸೈಫುದ್ದೀನನ ಹಿರಿಯರೊಂದಿಗೆ ತಗ್ಗಿದ ದನಿಯಲ್ಲಿ ಮಾತಾಡಿದ. ನಿಮ್ಮ ಹುಡುಗ ಬಂಗಾರದಂಥವನು, ಅವನಲ್ಲಿ ಏನೂ ಕಡಿಮೆಯಿಲ್ಲ, ತಪ್ಪು ನನ್ನದು, ಹತ್ತು ವರ್ಷದ ಹಿಂದೆ ಒಂದು ಬೆಸುಗೆಯನ್ನು ಸರಿಯಾಗಿ ನೋಡದೆ ತೆಗೆದುಹಾಕಿದ್ದೆ ಎಂದ. ಆ ಕಡೆಯವರು ಏನಂದರೋ, ಮೂರು ಸಲ ಮಾಫಿ ಕೇಳಿ ಫೋನ್ ಇಟ್ಟ.

"ನಾಳೆ ಹೋಗೂದು ಬ್ಯಾಡ," ಅಂದ ಯುನುಸನಿಗೆ. "ನಿಮ್ಮ ಖಾಲಾಗ ಹೇಳು, ಸಕ್ಕರಿ ತಗೊಂಡು ಬರಲಿ. ಈ ಸಲ ಮನ್ಯಾಗ ಒಡಿಯೂಣು." ಎರಡು ಹೆಜ್ಜೆ ಹೋಗಿ ತಿರುಗಿ ನಿಂತ. ಕಣ್ಣು ತುಂಬಿದ್ದವು, ಮಾತು ಮಾತ್ರ ಬೈಗುಳದ್ದೇ. "ಹದಿನಾರು ವರ್ಷ ಅಂತ ಹೇಳಾಕ ಹತ್ತು ವರ್ಷ ತಗೊಂಡ್ರಲ್ಲ. ಇದ್ಯಾವ ನಮೂನಿ ಮಂದಿ ನೀವು."

ಊಟಕ್ಕೆ ಕರೆ ಬಂತು. ಆಲದ ಮರದ ಕೆಳಗೆ ಉದ್ದಕ್ಕೆ ಟೇಬಲ್ಲು ಹಾಕಿದ್ದರು, ಹುಗ್ಗಿಯ ಘಮ ಅಂಗಳದ ತುಂಬ. ಈರಯ್ಯ ಮಾಸ್ತರರು ತೀರ್ಪು ಹೇಳಿರಲಿಲ್ಲ. ಯಾರೋ ನೆನಪಿಸಿದರೆ, ಹೇಳೂದೇನೈತಿ, ಆಗೇತಲ್ಲ ಎಂದು ಪಡಸಾಲೆಯ ಕಡೆ ನೋಡಿ ಊಟಕ್ಕೆ ಕೈ ತೊಳೆದರಂತೆ. ಜನ ಸೀಟಿಗಾಗಿ ನುಗ್ಗುತ್ತಿದ್ದರು. ಯುನುಸ ಕೈ ತೊಳೆದು ಬರುವಷ್ಟರಲ್ಲಿ ಒಂದು ಕುರ್ಚಿಯೂ ಖಾಲಿ ಉಳಿದಿರಲಿಲ್ಲ, ಶಮಾಳ ಪಕ್ಕದ್ದೊಂದು ಬಿಟ್ಟು. ಅದರ ಮೇಲೆ ಕಣ್ಣೀರಿಗೆ ಒದ್ದೆಯಾದ ಬಿಳಿ ಕರವಸ್ತ್ರ ಇತ್ತು.

ಅವನು ಕುರ್ಚಿಯ ಹಿಂದೆ ಬಂದು ನಿಂತ. ಹದಿನಾರು ವರ್ಷದಲ್ಲಿ ಮೊದಲ ಸಲ ಪ್ರಶ್ನೆ ಅವನ ಪಾಲಿಗೆ ಬಂದಿತ್ತು.

"ಈ ಕರವಸ್ತ್ರ ಯಾರದು?"

ಶಮಾ ಈಗ ಕಿಟಕಿ ಹುಡುಕಲಿಲ್ಲ, ಕನ್ನಡಿಯನ್ನೂ ಹುಡುಕಲಿಲ್ಲ. ತಿರುಗಿ ನೇರ ಅವನ ಮುಖ ನೋಡಿದಳು.

"ನಂದು," ಅಂದಳು. "ನಿನಗಂತ ಹಾಕೀನಿ. ಕುಂದ್ರು."